ಬೆಳಕಿಗೆ ಓಗೊಡುವ ಋಣ ಅಯಾನು ಗ್ರಾಹಿ: ಕೊಡಗಿನ ತೇವದ ನಡುವೆ ತಯಾರಿಸಿ ಅಳೆಯುವ ಬಗೆ

ಜುಲೈ ತಿಂಗಳಲ್ಲಿ ಮಡಿಕೇರಿಯ ಯಾವುದಾದರೂ ಪ್ರಯೋಗಾಲಯದಲ್ಲಿ ಟೆಟ್ರಾಬ್ಯೂಟೈಲ್ ಅಮೋನಿಯಂ ಅಸಿಟೇಟ್ ಸೀಸೆಯ ಮುಚ್ಚಳ ತೆಗೆದು, ನಾಲ್ಕು ಹರಳನ್ನು ತೂಕದ ಕಾಗದದ ಮೇಲೆ ಹಾಕಿ ನೋಡಿ. ತಕ್ಕಡಿಯ ಅಂಕಿ ನಿಲ್ಲುವುದೇ ಇಲ್ಲ. ಒಂದೊಂದೇ ಮಿಲಿಗ್ರಾಂ ಮೇಲಕ್ಕೆ ಹತ್ತುತ್ತಾ ಹೋಗುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಹರಳಿನ ಅಂಚು ಬೆವೆತು ಕಾಗದಕ್ಕೆ ಅಂಟಿಕೊಳ್ಳುತ್ತದೆ. ಗಾಳಿಯ ನೀರನ್ನು ಲವಣ ಕುಡಿಯುತ್ತಿದೆ, ನೀವು ಅಸಿಟೇಟ್ ಎಂದು ಬರೆದುಕೊಂಡ ತೂಕದಲ್ಲಿ ಮಳೆಯ ಪಾಲೂ ಸೇರಿದೆ.

ಬೆಳಕು ಬಿದ್ದಾಗ ಆಕಾರ ಬದಲಿಸಿ, ಋಣ ಅಯಾನನ್ನು (ಅಸಿಟೇಟಿನಂಥ ಋಣ ವಿದ್ಯುದಂಶದ ಕಣವನ್ನು) ಹಿಡಿಯುವ ಬಲವನ್ನೂ ಬದಲಿಸುವ ಅಣುಗಳ ಮೇಲೆ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುವವರಿಗೆ ಇಲ್ಲಿ ಮೊದಲು ಎದುರಾಗುವುದು ಈ ತೇವವೇ. ಅದಕ್ಕೆ ಇಲ್ಲಿ ಹೇಳುವ ಕ್ರಮದಲ್ಲಿ ಎರಡು ನಿಯಮ. ಅಣುವನ್ನು ತಯಾರಿಸುವಾಗ ನೀರನ್ನು ಪೂರ್ತಿ ಹೊರಗಿಡಬೇಕು. ಅಳೆಯುವಾಗ ನೀರನ್ನು ಹೊರಗಿಡುವ ಹಟ ಬಿಟ್ಟು, ಗೊತ್ತಾದ ಅಳತೆಯ ನೀರನ್ನು ನಾವೇ ಹಾಕಬೇಕು.

ಅಣು ಯಾವುದು, ಏಕೆ ಇದೇ

ಗ್ರಾಹಿ ಅಂದರೆ ಇನ್ನೊಂದು ಅಣುವನ್ನೋ ಅಯಾನನ್ನೋ ಹಿಡಿದುಕೊಳ್ಳುವ ಅಣು. ಋಣ ಅಯಾನನ್ನು ಹಿಡಿಯುವ ಕೃತಕ ಗ್ರಾಹಿಯನ್ನು ಮೊದಲು ವರದಿ ಮಾಡಿದವರು ಪಾರ್ಕ್ ಮತ್ತು ಸಿಮನ್ಸ್, 1968ರಲ್ಲಿ. ಎರಡು ಬೆನ್ಜೀನ್ ಉಂಗುರಗಳ ನಡುವೆ ಎರಡು ಸಾರಜನಕಗಳ ಅಜೋ ಬಂಧವಿರುವ ಅಜೋಬೆನ್ಜೀನ್ ಬೆಳಕಿಗೆ ನೀಳವಾದ ಟ್ರಾನ್ಸ್ ರೂಪದಿಂದ ಬಾಗಿದ ಸಿಸ್ ರೂಪಕ್ಕೆ ಮಡಚಿಕೊಳ್ಳುತ್ತದೆ ಎಂದು ಹಾರ್ಟ್ಲಿ ತೋರಿಸಿದ್ದು ಅದಕ್ಕೂ ಮೂರು ದಶಕ ಹಿಂದೆ, 1937ರಲ್ಲಿ. ಈ ಎರಡನ್ನೂ ಒಂದೇ ಅಣುವಿನಲ್ಲಿ ಜೋಡಿಸುವುದು ನಮ್ಮ ಕೆಲಸ.

ಹಿಡಿಯುವ ಕೈ ಯೂರಿಯಾ. ಕಾಫಿ ತೋಟಕ್ಕೆ ಮೂಟೆಗಟ್ಟಲೆ ಚೆಲ್ಲುವ ಅದೇ ಯೂರಿಯಾದ ಬೆನ್ನೆಲುಬು, ಎರಡು ತುದಿಗೂ ಬೆನ್ಜೀನ್ ಉಂಗುರ ಸಿಕ್ಕಿಸಿದ್ದು ಅಷ್ಟೇ. ಅದರ ಎರಡು ಎನ್-ಎಚ್ ಬಂಧಗಳು ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಅಸಿಟೇಟಿನ ಎರಡು ಆಮ್ಲಜನಕಗಳು ಅವಕ್ಕೆ ಎದುರುಬದುರು ಕೂತು ಎರಡು ಹೈಡ್ರೋಜನ್ ಬಂಧ ಕಟ್ಟುತ್ತವೆ. ಡೈಹೈಡ್ರೋಜನ್ ಫಾಸ್ಫೇಟಿಗೂ ಇದೇ ಅನುಕೂಲ. ಕ್ಲೋರೈಡ್ ದುಂಡಗಿರುವುದರಿಂದ ಹಿಡಿತ ಕಡಿಮೆ, ನೈಟ್ರೇಟಿಗೆ ಇನ್ನೂ ಕಡಿಮೆ.

ಮೊದಲ ಸಲ ಕೈ ಹಾಕುವವರು ಒಂದೇ ಯೂರಿಯಾ ಇರುವ 1-ಫಿನೈಲ್-3-(4-ಫಿನೈಲ್ಅಜೋಫಿನೈಲ್)ಯೂರಿಯಾ ತೆಗೆದುಕೊಳ್ಳಲಿ. ಒಂದೇ ಹಂತದ ತಯಾರಿಕೆ, ಅಣುತೂಕ 316.4. ಇದರಲ್ಲಿ ಬೆಳಕಿಗೆ ಹಿಡಿತದ ಬಲ ದೊಡ್ಡದಾಗಿ ಬದಲಾಗುವುದಿಲ್ಲ ಎಂಬುದನ್ನು ಮುಂಚೆಯೇ ತಿಳಿದಿರಿ. ಒಂದು ಕೈ ಮಾತ್ರ ಇದೆ, ಮಡಚಿದರೂ ಅದು ಒಂದೇ ಕೈ. ಎರಡು ಯೂರಿಯಾಗಳನ್ನು ಇಕ್ಕುಳದಂತೆ ಹತ್ತಿರ ತರುವ ಅಣುಗಳಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ವೆಜೆನ್‌ಬರ್ಗ್ ಮತ್ತು ಫೆರಿಂಗಾ ಅವರ ಸ್ಟಿಫ್-ಸ್ಟಿಲ್ಬೀನ್ ಬಿಸ್-ಯೂರಿಯಾ ಅಂಥದ್ದು. ಆದರೆ ಅದಕ್ಕೆ ಹಲವು ಹಂತದ ಸಂಶ್ಲೇಷಣೆ ಬೇಕು. ಚಿಕ್ಕ ವ್ಯತ್ಯಾಸವನ್ನು ನಂಬುವಂತೆ ಅಳೆಯಲು ಕಲಿತವರಿಗೆ ದೊಡ್ಡದನ್ನು ಅಳೆಯುವುದು ಕಷ್ಟವಲ್ಲ.

ತಯಾರಿಕೆ: ಇಲ್ಲಿ ನೀರು ಶತ್ರು

ಬೇಕಾದದ್ದು: 4-ಅಮೈನೋಅಜೋಬೆನ್ಜೀನ್ 394 ಮಿ.ಗ್ರಾಂ (2.0 ಮಿಲಿಮೋಲ್), ಫಿನೈಲ್ ಐಸೋಸಯನೇಟ್ 0.24 ಮಿ.ಲೀ. (2.2 ಮಿಲಿಮೋಲ್), ಒಣಗಿಸಿದ ಡೈಕ್ಲೋರೋಮೀಥೇನ್ 15 ಮಿ.ಲೀ., ತೊಳೆಯಲು ಇನ್ನಷ್ಟು ತಣ್ಣನೆಯ ಡೈಕ್ಲೋರೋಮೀಥೇನ್ ಮತ್ತು ಹೆಕ್ಸೇನ್, ಕೊನೆಗೆ ಹಾಕಲು ಮೆಥನಾಲ್.

ಕೈಗವಸು, ಕನ್ನಡಕ, ಫ್ಯೂಮ್ ಹುಡ್ ಮೂರೂ ಕಡ್ಡಾಯ. ಫಿನೈಲ್ ಐಸೋಸಯನೇಟಿನ ಆವಿ ಕಣ್ಣು ಉರಿಸುತ್ತದೆ, ಉಸಿರಾಟಕ್ಕೆ ವಿಷ. 4-ಅಮೈನೋಅಜೋಬೆನ್ಜೀನ್ ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ಅದರ ಹಳದಿ ಪುಡಿ ಮೇಜಿನ ಮೇಲೆ ಚೆಲ್ಲಿದರೆ ಒಣಬಟ್ಟೆಯಲ್ಲಿ ಕೊಡವಬೇಡಿ, ಒದ್ದೆ ಟಿಶ್ಯೂನಲ್ಲಿ ಒರೆಸಿ ತೆಗೆಯಿರಿ.

ಡೈಕ್ಲೋರೋಮೀಥೇನನ್ನು 3 ಆಂಗ್‌ಸ್ಟ್ರಾಂ ಮಾಲಿಕ್ಯುಲರ್ ಸೀವ್ಸ್ ಮೇಲೆ ಕನಿಷ್ಠ ಒಂದು ದಿನ ಇಟ್ಟಿರಿ. ಸೀವ್ಸನ್ನು ಮೊದಲು ಮಫಲ್ ಫರ್ನೇಸಿನಲ್ಲಿ 300 ಡಿಗ್ರಿಯಲ್ಲಿ ಮೂರು ಗಂಟೆಗೂ ಹೆಚ್ಚು ಕಾಯಿಸಿರಬೇಕು. ಗಾಜಿನ ಸಾಮಾನು ಒಣಗಿಸುವ 110 ಡಿಗ್ರಿ ಓವನ್ ಇದಕ್ಕೆ ಸಾಲದು. ಕಾಯಿಸಿದ ಮೇಲೆ ತೆರೆದ ತಟ್ಟೆಯಲ್ಲಿ ಆರಲು ಬಿಟ್ಟರೆ ಪಟ್ಟ ಶ್ರಮವೆಲ್ಲ ನೀರುಪಾಲು. ಕಣದಲ್ಲಿ ಒಣಗಿದ ಕಾಳುಮೆಣಸು ಮಂಜಿಗೆ ಸಿಕ್ಕಿ ಮತ್ತೆ ತಣಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿಸಿಯಿರುವಾಗಲೇ ಡೆಸಿಕೇಟರಿಗೆ ಹಾಕಿ.

ಓವನ್ನಿನಿಂದ ತೆಗೆದ ದುಂಡುತಳದ ಫ್ಲಾಸ್ಕನ್ನು ನೈಟ್ರೋಜನ್ ಹರಿಸುತ್ತಾ ಆರಿಸಿ. ಅಮೀನನ್ನು (4-ಅಮೈನೋಅಜೋಬೆನ್ಜೀನ್) ಹಾಕಿ ದ್ರಾವಕದಲ್ಲಿ ಕರಗಿಸಿ, ಕಾಂತದ ಕಲಕುಕಡ್ಡಿ ತಿರುಗಲಿ. ಐಸೋಸಯನೇಟನ್ನು ಸಿರಿಂಜಿನಲ್ಲಿ ಎರಡು ನಿಮಿಷದ ಅವಧಿಯಲ್ಲಿ ಹನಿಹನಿಯಾಗಿ ಬಿಡಿ. ಕೋಣೆಯ ಉಷ್ಣತೆಯಲ್ಲೇ ರಾತ್ರಿಯಿಡೀ ಕಲಕಿ. ಬೆಳಗ್ಗೆ ಹಳದಿ-ಕಿತ್ತಳೆ ಬಣ್ಣದ ಒತ್ತರ ತಳದಲ್ಲಿ ಕೂತಿರುತ್ತದೆ. ಈಗ 0.5 ಮಿ.ಲೀ. ಮೆಥನಾಲ್ ಹಾಕಿ ಅರ್ಧ ಗಂಟೆ ಕಲಕಿ. ಉಳಿದ ಐಸೋಸಯನೇಟ್ ಸುಲಭವಾಗಿ ಕರಗುವ ಕಾರ್ಬಮೇಟ್ ಆಗಿ ಸೋಸಿದ ದ್ರವದ ಜೊತೆ ಹೊರಟುಹೋಗುತ್ತದೆ. ಬುಕ್ನರ್ ಆಲಿಕೆಯಲ್ಲಿ ಸೋಸಿ, ತಣ್ಣನೆಯ ಡೈಕ್ಲೋರೋಮೀಥೇನ್ 5 ಮಿ.ಲೀ.ನಂತೆ ಎರಡು ಸಲ, ಹೆಕ್ಸೇನಿನಲ್ಲಿ ಒಂದು ಸಲ ತೊಳೆದು ನಿರ್ವಾತದಲ್ಲಿ ಒಣಗಿಸಿ. ಪೂರ್ಣ ಇಳುವರಿ 633 ಮಿ.ಗ್ರಾಂ. 500 ದಾಟಿದರೆ ಸಾಕು, ಮುಂದಿನ ಕೆಲಸಕ್ಕೆ ಬೇಕಾಗುವುದು 50 ಮಿ.ಗ್ರಾಂ ಮಾತ್ರ.

ಒತ್ತರದಲ್ಲಿ ಬಿಳಿ ಸೂಜಿಯಂಥ ಹರಳು ಕಂಡರೆ ನೀರು ಒಳಹೊಕ್ಕಿದೆ ಎಂದು ತಿಳಿಯಿರಿ. ಐಸೋಸಯನೇಟ್ ನೀರಿನೊಡನೆ ಸೇರಿ ಅನಿಲೀನ್ ಆಗುತ್ತದೆ, ಆ ಅನಿಲೀನ್ ಇನ್ನೊಂದು ಐಸೋಸಯನೇಟನ್ನು ಹಿಡಿದು ಡೈಫಿನೈಲ್‌ಯೂರಿಯಾ ಆಗುತ್ತದೆ. ಇದು ಬರೀ ಕಸವಲ್ಲ. ಅದೂ ಯೂರಿಯಾ, ಅದೂ ಋಣ ಅಯಾನನ್ನು ಹಿಡಿಯುತ್ತದೆ, ಬೆಳಕಿಗೆ ಮಾತ್ರ ಮಿಸುಕುವುದಿಲ್ಲ. ಕಣ್ಣಿಗೆ ಬಣ್ಣ ಕೊಡದೆ ನಿಮ್ಮ ಅಸಿಟೇಟನ್ನು ತಿನ್ನುವ ಕಳ್ಳ ಅದು. ಟಿಎಲ್‌ಸಿ (ಮಿಶ್ರಣವನ್ನು ಚುಕ್ಕೆಗಳಾಗಿ ಬೇರ್ಪಡಿಸುವ ತೆಳುಪದರದ) ಪಟ್ಟಿಯಲ್ಲಿ 254 ನ್ಯಾನೋಮೀಟರ್ ದೀಪದಡಿ, ಬಣ್ಣವಿಲ್ಲದ ಆದರೆ ಕಪ್ಪಗೆ ಕಾಣುವ ಚುಕ್ಕೆ ಇದ್ದರೆ ಬಿಸಿ ಎಥನಾಲಿನಿಂದ ಮರುಹರಳು ಮಾಡಿ.

ಅಮೀನ್ ಉಳಿದಿದೆಯೇ ಎಂದು ನೋಡಲು ಸುಲಭದ ಉಪಾಯವಿದೆ. ಅದೇ ಪಟ್ಟಿಯಲ್ಲಿ ಉತ್ಪನ್ನದ ಪಕ್ಕಕ್ಕೆ ಶುದ್ಧ ಅಮೀನಿನ ಚುಕ್ಕೆಯನ್ನೂ ಇಟ್ಟು ಓಡಿಸಿ, ಒಣಗಿಸಿ, ಗಾಢ ಹೈಡ್ರೋಕ್ಲೋರಿಕ್ ಆಮ್ಲದ ಸೀಸೆಯ ಬಾಯಿಗೆ ಒಂದು ಕ್ಷಣ ಹಿಡಿಯಿರಿ. ಅಮೀನಿನ ಹಳದಿ ಕಣ್ಣೆದುರೇ ಕೆಂಪಿಗೆ ತಿರುಗುತ್ತದೆ. ಉತ್ಪನ್ನದ ಸಾಲಿನಲ್ಲೂ ಅದೇ ಎತ್ತರದಲ್ಲಿ ಕೆಂಪು ಕಂಡರೆ ಇನ್ನೊಮ್ಮೆ ತೊಳೆಯಬೇಕು.

ಅಣುವಿನ ರಚನೆ ತೋರಿಸುವ ಎನ್‌ಎಂಆರ್ (ಕಾಂತಕ್ಷೇತ್ರದ ರೋಹಿತ) ಪರೀಕ್ಷೆಗೆ ಘನರೂಪದ ಮಾದರಿಯನ್ನು ಮೈಸೂರಿಗೋ ಮಂಗಳೂರಿಗೋ ಬೆಂಗಳೂರಿಗೋ ಕಳಿಸಿದರೆ ತೊಂದರೆಯಿಲ್ಲ. ಡ್ಯೂಟೀರಿಯಂ ಇರುವ ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ದ್ರಾವಕದಲ್ಲಿ ಯೂರಿಯಾದ ಎರಡು ಎನ್-ಎಚ್ ಶಿಖರಗಳು 9 ಪಿಪಿಎಂ ಆಸುಪಾಸಿನಲ್ಲಿ ಬೇರೆಬೇರೆಯಾಗಿ ಕಾಣಬೇಕು.

ದ್ರಾವಣಗಳು: ಇಲ್ಲಿ ನೀರನ್ನು ನಾವೇ ಹಾಕುವುದು

ದ್ರಾವಕ ಡಿಎಂಎಸ್‌ಒ. ಇದು 18.5 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಬೆಂಗಳೂರಿನಲ್ಲಿ ಇದು ಅಪರೂಪದ ಮಾತು, ಮಡಿಕೇರಿಯ ಡಿಸೆಂಬರಿನಲ್ಲಿ ದಿನನಿತ್ಯದ್ದು. ಬೆಳಗ್ಗೆ ಸೀಸೆ ಅರ್ಧ ಗಟ್ಟಿ ಅರ್ಧ ದ್ರವವಾಗಿದ್ದರೆ ಮೇಲಿನ ದ್ರವವನ್ನಷ್ಟೇ ಬಗ್ಗಿಸಿಕೊಳ್ಳಬೇಡಿ. ಹೆಪ್ಪುಗಟ್ಟುವಾಗ ಶುದ್ಧ ಡಿಎಂಎಸ್‌ಒ ಹರಳಾಗಿ, ನೀರೆಲ್ಲ ಉಳಿದ ದ್ರವದಲ್ಲಿ ಸೇರಿಕೊಳ್ಳುತ್ತದೆ. ಮುಚ್ಚಿದ ಸೀಸೆಯನ್ನು 30 ಡಿಗ್ರಿ ನೀರಿನಲ್ಲಿಟ್ಟು ಪೂರ್ತಿ ಕರಗಿಸಿ, ಕುಲುಕಿ, ಆಮೇಲೆ ತೆಗೆಯಿರಿ.

ಡಿಎಂಎಸ್‌ಒ ಗಾಳಿಯಿಂದ ನೀರೆಳೆಯುತ್ತದೆ. ಮಳೆಗಾಲದಲ್ಲಿ ಎಷ್ಟು ಒಣಗಿಸಿದರೂ ಟೈಟ್ರೇಷನ್ (ಅಯಾನನ್ನು ಸ್ವಲ್ಪಸ್ವಲ್ಪವೇ ಸೇರಿಸುತ್ತಾ ಅಳೆಯುವುದು) ಮುಗಿಯುವಷ್ಟರಲ್ಲಿ ಅದು ಒಣದಾಗಿ ಉಳಿಯುವುದಿಲ್ಲ. ಹೊಸ ಸೀಸೆಯ ಡಿಎಂಎಸ್‌ಒಗೆ ಗಾತ್ರದಲ್ಲಿ ಶೇ. 0.5 ನೀರನ್ನು ಬೇಕೆಂದೇ ಬೆರೆಸುವುದು ಈ ಕ್ಷೇತ್ರದಲ್ಲಿ ರೂಢಿಯಲ್ಲಿರುವ ಕ್ರಮ. ಆಗ ಗಾಳಿಯಿಂದ ಬರುವ ಚೂರುಪಾರು ನೀರು ಲೆಕ್ಕಕ್ಕೆ ಬರುವುದಿಲ್ಲ. ಹಿಡಿತದ ಬಲ ಸ್ವಲ್ಪ ತಗ್ಗುತ್ತದೆ ನಿಜ, ಆದರೆ ಜನವರಿಯ ಫಲಿತಾಂಶವೂ ಆಗಸ್ಟಿನದೂ ಒಂದಕ್ಕೊಂದು ತಾಳೆಯಾಗುತ್ತವೆ.

ಗ್ರಾಹಿಯ ಮೂಲ ದ್ರಾವಣ: 15.8 ಮಿ.ಗ್ರಾಂ ಗ್ರಾಹಿಯನ್ನು ಡಿಎಂಎಸ್‌ಒದಲ್ಲಿ ಕರಗಿಸಿ 50 ಮಿ.ಲೀ. ಮಾಡಿ, ಅದು 1 ಮಿಲಿಮೋಲಾರ್. ಮೂರು ಮಿಲಿಗ್ರಾಂ ತೂಗಿ 10 ಮಿ.ಲೀ. ಮಾಡುವ ಆಸೆ ಬೇಡ, ಸಾಮಾನ್ಯ ತಕ್ಕಡಿಯ ತಪ್ಪೇ ಅದರಲ್ಲಿ ದೊಡ್ಡದಾಗುತ್ತದೆ.

ಕೆಲಸದ ದ್ರಾವಣ: 100 ಮಿ.ಲೀ. ಗುರುತಿನ ಫ್ಲಾಸ್ಕಿಗೆ ಮೂಲ ದ್ರಾವಣ 2 ಮಿ.ಲೀ., ಡಿಅಯೊನೈಸ್ಡ್ ನೀರು 0.5 ಮಿ.ಲೀ., ಉಳಿದದ್ದು ಡಿಎಂಎಸ್‌ಒ. ಗ್ರಾಹಿ 20 ಮೈಕ್ರೋಮೋಲಾರ್ ಆಗುತ್ತದೆ. ಸ್ಪೆಕ್ಟ್ರೋಮೀಟರಿನ ರೋಹಿತದಲ್ಲಿ (ಯಾವ ತರಂಗದೂರದ ಬೆಳಕನ್ನು ದ್ರಾವಣ ಎಷ್ಟು ಹೀರಿತು ಎಂಬ ಗೆರೆಯಲ್ಲಿ) ಮುಖ್ಯ ಶಿಖರದ ಹೀರಿಕೆ 0.5ರ ಸುತ್ತ ಬರಬೇಕು. 1 ದಾಟಿದರೆ ತೆಳು ಮಾಡಿ.

ಅಯಾನಿನ ದ್ರಾವಣ: ಟೆಟ್ರಾಬ್ಯೂಟೈಲ್ ಅಮೋನಿಯಂ ಅಸಿಟೇಟನ್ನು 40 ಡಿಗ್ರಿಯಲ್ಲಿ ರಾತ್ರಿಯಿಡೀ ನಿರ್ವಾತದಲ್ಲಿ ಒಣಗಿಸಿ. ಕಾಗದದ ಮೇಲೆ ತೂಗಬೇಡಿ. ಮುಚ್ಚಳವಿರುವ ಸಣ್ಣ ವಯಲ್ ಅನ್ನು ಖಾಲಿ ತೂಗಿ, ಬೇಗ ಹರಳು ಹಾಕಿ, ಮುಚ್ಚಿ ಮತ್ತೆ ತೂಗಿ. ಸುಮಾರು 75 ಮಿ.ಗ್ರಾಂ ಬಂದರೆ ಸಾಕು. 75.4ಕ್ಕೆ ಸರಿಯಾಗಿ 5 ಮಿ.ಲೀ. ಹಾಕಿದರೆ 50 ಮಿಲಿಮೋಲಾರ್. 78.1 ಬಂದಿದ್ದರೆ ಹರಳನ್ನು ವಾಪಸು ತೆಗೆಯುತ್ತಾ ಕೂರಬೇಡಿ, ದ್ರಾವಣವನ್ನೇ 5.18 ಮಿ.ಲೀ. ಮಾಡಿ. ಇದನ್ನು ಕರಗಿಸಬೇಕಾದದ್ದು ಬರೀ ಡಿಎಂಎಸ್‌ಒದಲ್ಲಲ್ಲ, ಮೇಲಿನ ಕೆಲಸದ ದ್ರಾವಣದಲ್ಲೇ. ಆಗ ಅಯಾನು ಸೇರಿಸಿದಷ್ಟೂ ಗ್ರಾಹಿಯ ಸಾರತೆಯೂ ನೀರಿನ ಪಾಲೂ ಅಲುಗುವುದಿಲ್ಲ.

ಡಿಎಂಎಸ್‌ಒ ತನ್ನಲ್ಲಿ ಕರಗಿದ್ದನ್ನು ಚರ್ಮದೊಳಕ್ಕೆ ಒಯ್ಯುತ್ತದೆ. ಕೈಗವಸಿನ ಮೇಲೆ ಚೆಲ್ಲಿದರೆ ಒರೆಸಿ ಮುಂದುವರಿಯಬೇಡಿ, ಕೈಗವಸನ್ನೇ ಬದಲಿಸಿ.

ಬೆಳಕು

365 ನ್ಯಾನೋಮೀಟರಿನ 3 ವ್ಯಾಟ್ ಎಲ್‌ಇಡಿ ಒಂದು, 450ರ ನೀಲಿ ಎಲ್‌ಇಡಿ ಒಂದು. ಹಿಂದೆ ಹೀಟ್‌ಸಿಂಕ್ ಮತ್ತು ಸಣ್ಣ ಫ್ಯಾನ್. ದ್ರಾವಣ ಹಾಕಿ ಅಳೆಯುವ ಚೌಕ ನಳಿಕೆಯಾದ ಕ್ಯುವೆಟ್ಟಿನಿಂದ 5 ಸೆಂ.ಮೀ. ದೂರದಲ್ಲಿ ಸ್ಟ್ಯಾಂಡಿಗೆ ಬಿಗಿದು, ಆ ಜಾಗವನ್ನು ಗುರುತು ಹಾಕಿಕೊಳ್ಳಿ. 365ರ ಬೆಳಕು ಕಣ್ಣಿಗೆ ಮಂಕಾಗಿ ಕಂಡರೂ ಹಾನಿ ಮಾಡುವಷ್ಟು ತೀಕ್ಷ್ಣ. ಯುವಿ ಕನ್ನಡಕವಿಲ್ಲದೆ ಹಚ್ಚಬೇಡಿ. ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಇದ್ದದ್ದೇ. ಸ್ಪೆಕ್ಟ್ರೋಮೀಟರ್ ಮತ್ತು ಎಲ್‌ಇಡಿ ಎರಡನ್ನೂ ಯುಪಿಎಸ್ ಮೇಲಿಡಿ. ಕರೆಂಟು ಹೋಗಿ ಬಂದರೆ ದೀಪ ಬಿಸಿಯಾಗಿ ನೆಲೆಗೊಳ್ಳಲು ಅರ್ಧ ಗಂಟೆ ಕೊಟ್ಟು, ಆಧಾರರೇಖೆಯನ್ನು ಹೊಸದಾಗಿ ತೆಗೆಯಿರಿ.

ಕೋಣೆಯ ಟ್ಯೂಬ್‌ಲೈಟ್ ಕೂಡ ಈ ಅಣುವಿಗೆ ಬೆಳಕೇ. ದ್ರಾವಣವನ್ನು ಅಲ್ಯೂಮಿನಿಯಂ ಹಾಳೆ ಸುತ್ತಿದ ಸೀಸೆಯಲ್ಲಿಡಿ, ಕೆಂಪು ಎಲ್‌ಇಡಿ ಟಾರ್ಚಿನಲ್ಲಿ ಕೆಲಸ ಮಾಡಿ. ಪೂರ್ತಿ ಟ್ರಾನ್ಸ್ ರೂಪ ಬೇಕೆಂದರೆ ನೀಲಿ ಬೆಳಕನ್ನು ನಂಬಬೇಡಿ, ಅದು ಸ್ವಲ್ಪ ಸಿಸ್ಸನ್ನು ಉಳಿಸಿಯೇ ಬಿಡುತ್ತದೆ. ದ್ರಾವಣವನ್ನು ಕತ್ತಲಲ್ಲಿ 60 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಎಲ್ಲವೂ ಟ್ರಾನ್ಸಿಗೆ ಮರಳುತ್ತದೆ.

ಅಯಾನಿಲ್ಲದ ದ್ರಾವಣಕ್ಕೆ ಮೊದಲು ಬೆಳಕು ಬಿಡಿ. ಒಂದೊಂದು ನಿಮಿಷಕ್ಕೆ ರೋಹಿತ ತೆಗೆಯಿರಿ. 360ರ ಸುತ್ತಲಿನ ದೊಡ್ಡ ಶಿಖರ ಕುಗ್ಗುತ್ತದೆ, 440-450ರಲ್ಲಿ ಸಣ್ಣ ದಿಬ್ಬ ಏಳುತ್ತದೆ. ಎರಡು ಸತತ ರೋಹಿತಗಳು ಒಂದರ ಮೇಲೊಂದು ಕೂತಾಗ ಅದು ದ್ಯುತಿಸ್ಥಿರ ಸ್ಥಿತಿ. ರೋಹಿತಗಳೆಲ್ಲ ಒಂದೇ ಬಿಂದುವಿನಲ್ಲಿ ಅಡ್ಡಹಾಯದೆ ಆ ಬಿಂದು ಜಾರುತ್ತಿದ್ದರೆ ಅಣು ಸುಡುತ್ತಿದೆ ಅಥವಾ ದ್ರಾವಕ ಬಿಸಿಯಾಗಿದೆ. ಡಯೋಡ್-ಅರೇ ಸ್ಪೆಕ್ಟ್ರೋಮೀಟರ್ ಬಳಸುವವರು ಗಮನಿಸಿ, ಅದು ಪೂರ್ಣ ಬೆಳಕನ್ನು ಮಾದರಿಯ ಮೇಲೆ ಬಿಡುತ್ತದೆ. ಶಟರ್ ತೆರೆದೇ ಇದ್ದರೆ ಅಳೆಯುವ ಯಂತ್ರವೇ ಅಣುವನ್ನು ತಿರುಗಿಸುತ್ತಿರುತ್ತದೆ.

ಬಳಿಕ ಕತ್ತಲಲ್ಲಿ 25 ಡಿಗ್ರಿಯಲ್ಲಿಟ್ಟು ಸಿಸ್ ಎಷ್ಟು ಹೊತ್ತಿಗೆ ಅರ್ಧವಾಗುತ್ತದೆ ಎಂದು ಅಳೆಯಿರಿ. ಈ ಸಂಖ್ಯೆ ಇಲ್ಲದೆ ಮುಂದೆ ಹೋಗಬೇಡಿ. ದ್ಯುತಿಸ್ಥಿರ ಸ್ಥಿತಿಯಲ್ಲಿ ಸಿಸ್ ಎಷ್ಟು ಶೇಕಡಾ ಎಂದು ತಿಳಿಯಲು ಎನ್‌ಎಂಆರ್ ಬೇಕು. ಆದರೆ ಮಡಿಕೇರಿಯಲ್ಲಿ ಬೆಳಕು ಬಿಟ್ಟ ಮಾದರಿಯನ್ನು ಬಸ್ಸಿನಲ್ಲಿ ಮೈಸೂರಿಗೆ ಕಳಿಸಿದರೆ, ದಾರಿಯ ಮೂರ್ನಾಲ್ಕು ಗಂಟೆಯಲ್ಲಿ ಅದರ ಒಂದು ಪಾಲು ತಾನಾಗಿ ಟ್ರಾನ್ಸಾಗಿರುತ್ತದೆ. ಎಲ್‌ಇಡಿಯನ್ನೇ ಚೀಲದಲ್ಲಿ ಹಾಕಿಕೊಂಡು ಹೋಗಿ, ಎನ್‌ಎಂಆರ್ ಯಂತ್ರದ ಪಕ್ಕದಲ್ಲೇ ಬೆಳಕು ಬಿಡಿ. ಎನ್‌ಎಂಆರ್ ಮಾದರಿ ಹೆಚ್ಚು ಸಾಂದ್ರವಾದ್ದರಿಂದ ಬೆಳಕು ಒಳಗೆ ಇಳಿಯಲು ಹೊತ್ತು ಹಿಡಿಯುತ್ತದೆ, ನಡುನಡುವೆ ನಳಿಕೆಯನ್ನು ತಿರುಗಿಸಿ, ಕುಲುಕಿ.

ಟೈಟ್ರೇಷನ್

1. ಗಾಜಿನ ಅಥವಾ ಕ್ವಾರ್ಟ್ಜ್ ಕ್ಯುವೆಟ್ಟಿಗೆ ಕೆಲಸದ ದ್ರಾವಣ 2.5 ಮಿ.ಲೀ., ಉಷ್ಣತೆ 25 ಡಿಗ್ರಿಗೆ ಕಟ್ಟಿ. ಹೊರಮೈಯಲ್ಲಿ ಇಬ್ಬನಿ ಕೂತಿದ್ದರೆ ಒರೆಸಿ, ಇಲ್ಲವಾದರೆ ಹೀರಿಕೆ ಪೂರ್ತಿ ಮೇಲಕ್ಕೆದ್ದು ಕಾಣುತ್ತದೆ.
2. ಟ್ರಾನ್ಸ್ ರೂಪದಿಂದ ಶುರುಮಾಡಿ. ಅಯಾನಿನ ದ್ರಾವಣವನ್ನು 2 ಮೈಕ್ರೋಲೀಟರಿನಂತೆ ಐದು ಸಲ, 5ರಂತೆ ನಾಲ್ಕು, 10ರಂತೆ ನಾಲ್ಕು, 20ರಂತೆ ನಾಲ್ಕು, 50ರಂತೆ ಎರಡು ಸಲ ಹಾಕಿ. ಒಟ್ಟು 19 ಬಿಂದು, 250 ಮೈಕ್ರೋಲೀಟರ್. ಕೊನೆಗೆ ಅಸಿಟೇಟ್ 4.5 ಮಿಲಿಮೋಲಾರ್ ದಾಟುತ್ತದೆ. ಬಂಧನ ಸ್ಥಿರಾಂಕ (ಹಿಡಿತದ ಬಲದ ಅಳತೆ) 1000ದ ಸುತ್ತ ಇದ್ದರೆ ಗ್ರಾಹಿಯ ಶೇ. 80ರಷ್ಟು ತುಂಬಿದಂತೆ. ಅಷ್ಟು ತುಂಬದೆ ನಿಲ್ಲಿಸಿದ ಟೈಟ್ರೇಷನ್ನಿನಿಂದ ಬರುವ ಸ್ಥಿರಾಂಕ ಬರೀ ಊಹೆ.
3. ಪ್ರತಿ ಸಲ ಕಲಕಿ, ಎರಡು ನಿಮಿಷ ಕಾದು, ರೋಹಿತ ತೆಗೆಯಿರಿ. ಶಿಖರ ಕೆಲವು ನ್ಯಾನೋಮೀಟರ್ ಉದ್ದ ಅಲೆಯ ಕಡೆಗೆ ಸರಿಯುತ್ತದೆ.
4. ಇಡೀ ಕ್ರಮವನ್ನು ಹೊಸ ದ್ರಾವಣಗಳಲ್ಲಿ ಮೂರು ಸಲ ಮಾಡಿ.

ಸಿಸ್ ರೂಪಕ್ಕೆ ಇದೇ ಕ್ರಮ, ಆದರೆ ತೊಡಕು ಇಲ್ಲೇ. 19 ಬಿಂದುಗಳಿಗೆ 40 ನಿಮಿಷ ಬೇಕು. ಸಿಸ್‌ನ ಅರ್ಧಾಯು 6 ಗಂಟೆಯಿದ್ದರೆ ಅಷ್ಟರಲ್ಲಿ ಶೇ. 7ರಷ್ಟು ಟ್ರಾನ್ಸಿಗೆ ಮರಳಿರುತ್ತದೆ, ಆ ಬದಲಾವಣೆಯೂ ಅಸಿಟೇಟ್ ಮಾಡಿದ ಬದಲಾವಣೆಯಂತೆಯೇ ಕಾಣುತ್ತದೆ. ಪ್ರತಿ ಹನಿಯ ನಂತರ ಒಂದು ನಿಮಿಷ ಮತ್ತೆ 365 ಹಚ್ಚುವುದು ಒಂದು ದಾರಿ. ಆದರೆ ಅಯಾನು ಕೂತ ಗ್ರಾಹಿಯ ದ್ಯುತಿಸ್ಥಿರ ಸ್ಥಿತಿ ಖಾಲಿ ಗ್ರಾಹಿಯದರಂತೆ ಇರಬೇಕೆಂದಿಲ್ಲ. ಬಿಂದುಗಳನ್ನು 10ಕ್ಕೆ ಇಳಿಸಿ, ಅಯಾನಿನ ದ್ರಾವಣಕ್ಕೂ ಬೆಳಕು ಬಿಟ್ಟಿಟ್ಟುಕೊಂಡು, 15 ನಿಮಿಷದಲ್ಲಿ ಮುಗಿಸುವುದು ಮೇಲು. ಅಯಾನು ಪೂರ್ತಿ ಸೇರಿದ ದ್ರಾವಣದಲ್ಲೂ ಅರ್ಧಾಯುವನ್ನು ಒಮ್ಮೆ ಅಳೆಯಿರಿ. ಅಯಾನು ಯೂರಿಯಾದ ಕಡೆಯಿಂದ ಅಜೋ ಬಂಧಕ್ಕೆ ಇಲೆಕ್ಟ್ರಾನ್ ತಳ್ಳುವುದರಿಂದ ಅದು ಕಡಿಮೆಯಾಗುವ ಸಾಧ್ಯತೆ ಇದೆ.

ಬಣ್ಣ ಕಂಡ ಕೂಡಲೇ ನಂಬಬೇಡಿ

ಫ್ಲೋರೈಡ್ ಹಾಕಿದರೆ ದ್ರಾವಣದ ಬಣ್ಣ ಎದ್ದು ಕಾಣುವಂತೆ ಗಾಢವಾಗಬಹುದು. ನೋಡಿದವರು ಸಂವೇದಕ ಸಿಕ್ಕಿತೆಂದು ಹಿಗ್ಗುತ್ತಾರೆ. ಹಲವು ಸಲ ಅಲ್ಲಿ ಆಗಿರುವುದು ಹಿಡಿತವಲ್ಲ, ಕಸಿತ. ಫ್ಲೋರೈಡ್ ಯೂರಿಯಾದ ಪ್ರೋಟಾನನ್ನೇ ಕಿತ್ತುಕೊಂಡು ಬೈಫ್ಲೋರೈಡ್ ಆಗುತ್ತದೆ. ಕೊಡವರು ಕಕ್ಕಡ ತಿಂಗಳ 18ರಂದು ಮಾಡುವ ಮದ್ದುಸೊಪ್ಪಿನ ಪಾಯಸದ ನೇರಳೆ ಬಣ್ಣ ನೋಡಿ ಅದರಲ್ಲಿ ಯಾವ ಔಷಧ ಎಷ್ಟಿದೆ ಎಂದು ಹೇಳಲಾಗದು. ಇಲ್ಲೂ ಹಾಗೆ, ಬಣ್ಣ ಕಾರಣವನ್ನು ಹೇಳುವುದಿಲ್ಲ. ಪರೀಕ್ಷೆ ಸುಲಭ: ಬೇರೆ ಕ್ಯುವೆಟ್ಟಿಗೆ ಫ್ಲೋರೈಡ್ ಬದಲು ಟೆಟ್ರಾಬ್ಯೂಟೈಲ್ ಅಮೋನಿಯಂ ಹೈಡ್ರಾಕ್ಸೈಡ್ ಹಾಕಿ. ಅದೇ ಹೊಸ ಶಿಖರ ಬಂದರೆ ಅದು ಪ್ರೋಟಾನ್ ಕಳೆದುಕೊಂಡ ಗ್ರಾಹಿ. ಅಂದಹಾಗೆ ಟೆಟ್ರಾಬ್ಯೂಟೈಲ್ ಅಮೋನಿಯಂ ಫ್ಲೋರೈಡ್ ಟ್ರೈಹೈಡ್ರೇಟನ್ನು ಕಾಯಿಸಿ ಒಣಗಿಸಲು ಹೋಗಬೇಡಿ, ಲವಣವೇ ಒಡೆದುಹೋಗುತ್ತದೆ.

ಇನ್ನೆರಡು ತಾಳೆ ಪರೀಕ್ಷೆಗಳನ್ನು ಬಿಡುವಂತಿಲ್ಲ. ಅಸಿಟೇಟ್ ಬದಲು ಅಷ್ಟೇ ಹೆಕ್ಸಾಫ್ಲೋರೋಫಾಸ್ಫೇಟ್ ಲವಣ ಹಾಕಿದಾಗ ರೋಹಿತ ಕದಲಬಾರದು. ಕದಲಿದರೆ ನೀವು ಅಳೆಯುತ್ತಿರುವುದು ಲವಣದ ಪ್ರಭಾವ. ಗ್ರಾಹಿಯನ್ನು ಅರ್ಧ, ಕಾಲು ಸಾರತೆಗೆ ತೆಳುಮಾಡಿದಾಗ ಹೀರಿಕೆ ಅಷ್ಟಕ್ಕಷ್ಟೇ ಇಳಿಯಬೇಕು. ಇಳಿಯದಿದ್ದರೆ ಅಣುಗಳು ಒಂದಕ್ಕೊಂದು ಅಂಟಿಕೊಂಡಿವೆ.

ಲೆಕ್ಕ

ಸ್ಥಿರಾಂಕ ಕಂಡುಹಿಡಿಯಲು ಬೆನೆಸಿ-ಹಿಲ್ಡೆಬ್ರಾಂಡ್ ಸರಳರೇಖೆ ಹಳೆಯ ಪದ್ಧತಿ, 1949ರದು. ವಿಲೋಮ ತೆಗೆದಾಗ ಚಿಕ್ಕ ಅಂಕಿಗಳ ತಪ್ಪು ಹಿಗ್ಗುತ್ತದೆ, ಯಾವ ದತ್ತಾಂಶಕ್ಕೂ ಗೆರೆ ಸರಿಹೊಂದಿದಂತೆ ಕಾಣುತ್ತದೆ. ಉಚಿತವಾಗಿ ಸಿಗುವ ಬೈಂಡ್‌ಫಿಟ್ ತಂತ್ರಾಂಶದಲ್ಲಿ ಹಲವು ತರಂಗದೂರಗಳನ್ನು ಒಟ್ಟಿಗೆ ಹಾಕಿ 1:1 (ಒಂದು ಗ್ರಾಹಿಗೆ ಒಂದು ಅಯಾನು) ಮಾದರಿಗೆ ಹೊಂದಿಸಿ. ಉಳಿಕೆಯ (ಅಳೆದದ್ದಕ್ಕೂ ಮಾದರಿಗೂ ಇರುವ ವ್ಯತ್ಯಾಸದ) ಚಿತ್ರ ಅಲೆಯಂತೆ ಏರಿಳಿದರೆ ಮಾದರಿ ತಪ್ಪು, ಎರಚಿದಂತೆ ಚೆಲ್ಲಾಪಿಲ್ಲಿಯಾಗಿದ್ದರೆ ಸರಿ.

ಸಿಸ್ ಟೈಟ್ರೇಷನ್ನಿನ ಸ್ಥಿರಾಂಕ ಶುದ್ಧ ಸಿಸ್ಸಿನದಲ್ಲ, ಮಿಶ್ರಣದ್ದು. ಎನ್‌ಎಂಆರ್‌ನಲ್ಲಿ ಸಿಸ್ ಶೇ. 80 ಎಂದು ಬಂದಿದ್ದರೆ, ಉಳಿದ 20 ಟ್ರಾನ್ಸನ್ನು ಮೊದಲೇ ಗೊತ್ತಿರುವ ಸ್ಥಿರಾಂಕದೊಂದಿಗೆ ಮಾದರಿಗೆ ಸೇರಿಸಿ ಬಿಡಿಸಬೇಕು. ಎರಡು ರೂಪಗಳ ಸ್ಥಿರಾಂಕದಲ್ಲಿ ಹತ್ತು ಪಟ್ಟು ವ್ಯತ್ಯಾಸ ಬಂದರೂ 25 ಡಿಗ್ರಿಯಲ್ಲಿ ಅದು ಮೋಲಿಗೆ ಬರೀ 5.7 ಕಿಲೋಜೌಲ್. ನಮ್ಮ ಒಂಟಿ ಯೂರಿಯಾದಲ್ಲಿ ವ್ಯತ್ಯಾಸ ಮೂರು ಪ್ರಯೋಗಗಳ ನಡುವಿನ ಏರುಪೇರಿನೊಳಗೇ ಮುಳುಗಿದರೆ, 'ವ್ಯತ್ಯಾಸ ಕಾಣಲಿಲ್ಲ' ಎಂದೇ ಬರೆಯಿರಿ.

ತೋಟದ ಬಾವಿನೀರಿಗೆ ಇದನ್ನು ಅದ್ದಬಹುದೇ?

ಕೊಡಗಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಇಲ್ಲ. ಕ್ಯುವೆಟ್ಟಿನಲ್ಲಿ ಅಸಿಟೇಟ್ ತುಂಬಿ ಸರಿದು ನಿಂತ ಶಿಖರಕ್ಕೆ 250 ಮೈಕ್ರೋಲೀಟರ್ ಬಾವಿನೀರು ಹಾಕಿ ನೋಡಿ, ಶಿಖರ ಹೊರಟ ಜಾಗದ ಕಡೆಗೆ ವಾಪಸಾಗುತ್ತದೆ. ನೀರು ಋಣ ಅಯಾನನ್ನು ಯೂರಿಯಾಕ್ಕಿಂತ ಬಿಗಿಯಾಗಿ ಸುತ್ತುವರಿಯುತ್ತದೆ. ಜಲವೇಷ್ಟನದಲ್ಲಿ ಹೊರಬೀಳುವ ಶಕ್ತಿ ಕ್ಲೋರೈಡಿಗೆ ಮೋಲಿಗೆ ಸುಮಾರು 340 ಕಿಲೋಜೌಲ್, ಫ್ಲೋರೈಡಿಗೆ 465. ಗೊಬ್ಬರದ ನೈಟ್ರೇಟ್ ಬಗ್ಗೆ ಚಿಂತೆಯಿದ್ದರೆ, ಕುಡಿಯುವ ನೀರಿನ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿ.ಗ್ರಾಂ, ಅಂದರೆ 0.73 ಮಿಲಿಮೋಲಾರ್. ನೈಟ್ರೇಟ್ ಮೊದಲೇ ಯೂರಿಯಾಕ್ಕೆ ಸಡಿಲವಾಗಿ ಕೂರುವ ಅಯಾನು, ಈ ಮಟ್ಟದಲ್ಲಿ ನೀರಿನೊಳಗೆ ಅದನ್ನು ನಮ್ಮ ಅಣು ಗುರುತಿಸುವುದಿಲ್ಲ. ಅದಕ್ಕೆ ನೈಟ್ರೇಟ್ ಪಟ್ಟಿ ಅಥವಾ ಅಯಾನು ಆಯ್ಕೆಯ ಇಲೆಕ್ಟ್ರೋಡ್ ಬಳಸಿ.

ಕೊನೆಗೆ ತ್ಯಾಜ್ಯ

ಡೈಕ್ಲೋರೋಮೀಥೇನ್ ಸೇರಿದ್ದು ಒಂದು ಕ್ಯಾನಿಗೆ, ಡಿಎಂಎಸ್‌ಒ ಸೇರಿದ್ದು ಇನ್ನೊಂದಕ್ಕೆ. ಐಸೋಸಯನೇಟ್ ತಾಗಿದ ಸಿರಿಂಜಿನಲ್ಲಿ ಮೆಥನಾಲ್ ಎಳೆದು ಬಿಟ್ಟು, ಒಂದು ಗಂಟೆ ಹುಡ್ಡಿನಲ್ಲೇ ಇಟ್ಟು ಆಮೇಲೆ ತೊಳೆಯಿರಿ. ಐಸೋಸಯನೇಟ್ ತಾಗಿದ್ದನ್ನು ಹಾಕಿದ ಕ್ಯಾನಿನ ಮುಚ್ಚಳವನ್ನು ಮೊದಲ ದಿನ ಬಿಗಿಯಬೇಡಿ, ನೀರು ತಾಗಿ ಇಂಗಾಲದ ಡೈಆಕ್ಸೈಡ್ ಹೊಮ್ಮಿದರೆ ಕ್ಯಾನ್ ಉಬ್ಬುತ್ತದೆ. ಸಿಂಕಿಗೆ ಏನನ್ನೂ ಸುರಿಯಬೇಡಿ, ಈ ಊರುಗಳ ಚರಂಡಿ ಬಹುಪಾಲು ಇಳಿಯುವುದು ಕಾವೇರಿಯ ಹಳ್ಳಗಳಿಗೆ.